ಮೇಲ್‌ನಲ್ಲಿ ಯಾರ ಹೆಸರಿತ್ತು?

ಅಪ್ರೈಸಲ್ ಫಾರ್ಮ್ ತುಂಬುವ ಕಾಲ ಬಂದಿದೆ. ನಿಮ್ಮಲ್ಲೂ ಹಲವರು ಈ ವಾರ ಲ್ಯಾಪ್‌ಟಾಪ್ ಮುಂದೆ ಕೂತು, 'ಈ ವರ್ಷ ನೀವು ನಾಯಕತ್ವ ತೋರಿಸಿದ ಒಂದು ಸಂದರ್ಭ ವಿವರಿಸಿ' ಅನ್ನೋ ಕಾಲಂ ನೋಡಿ ತಲೆ ಕೆರೆದುಕೊಳ್ಳುತ್ತಿರಬಹುದು. ಎರಡು ವರ್ಷದ ಹಿಂದೆ ಆ ಕಾಲಂನಲ್ಲಿ ನಾನೇನು ಬರೆದಿದ್ದೆ ಅಂತ ಮೊನ್ನೆ ತೆಗೆದು ನೋಡಿದೆ. 'ರಾತ್ರಿ ಹನ್ನೊಂದಕ್ಕೆ ಬಂದ ಪ್ರೊಡಕ್ಷನ್ ಸಮಸ್ಯೆಯನ್ನು ನಾನೇ ಮುಂದೆ ನಿಂತು ಎರಡೂವರೆಯೊಳಗೆ ಸರಿಪಡಿಸಿದೆ' ಅಂತಿತ್ತು. ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಬರೆಯದೆ ಬಿಟ್ಟದ್ದನ್ನು ಈ ವಾರ ಹೇಳ್ತೀನಿ.

ಆಗ ನಾನು ಟೀಮ್ ಲೀಡ್ ಆಗಿ ನಾಲ್ಕು ತಿಂಗಳು. ಎಂಟು ಜನರ ಟೀಮ್. ನಮ್ಮ ಕ್ಲೈಂಟ್ ಸಾಲ ಕೊಡುವ ಸಂಸ್ಥೆ. ಕಂತಿನ ದಿನ ಹತ್ತಿರ ಬಂದಾಗ ಗ್ರಾಹಕರಿಗೆ ಎಸ್‌ಎಂಎಸ್ ಕಳಿಸುವ ಸಾಫ್ಟ್‌ವೇರ್ ನಮ್ಮದು. ಮೆಸೇಜ್ ಕಳಿಸಿದ ಮೇಲೆ ಅತ್ತ ಕಡೆಯಿಂದ 'ತಲುಪಿತು' ಅಂತ ಉತ್ತರ ಬರಬೇಕು, ಬರದಿದ್ದರೆ ಮತ್ತೆ ಕಳಿಸಬೇಕು. ಆ ಡಿಸೆಂಬರ್ ರಾತ್ರಿ ಅತ್ತ ಕಡೆಯ ಸರ್ವರ್ ನಿಧಾನವಾಯಿತು. ಮೆಸೇಜ್ ಹೋಗ್ತಿತ್ತು, ಉತ್ತರ ಮಾತ್ರ ತಡವಾಗಿ ಬರ್ತಿತ್ತು. ನಮ್ಮ ಕೋಡ್ 'ಹೋಗಿಲ್ಲ' ಅಂದುಕೊಂಡು ಮತ್ತೆ ಮತ್ತೆ ಕಳಿಸಿತು. ಒಬ್ಬೊಬ್ಬರಿಗೆ ಐದು, ಆರು ಸಲ.

ತಾಂತ್ರಿಕವಾಗಿ ಇದು ಸಣ್ಣ ತಪ್ಪು. ಆದರೆ ಸಾಲದ ಕಂತು ಕಟ್ಟಿ ಅನ್ನೋ ಮೆಸೇಜ್ ರಾತ್ರಿ ಹತ್ತೂವರೆಗೆ ಒಂದರ ಹಿಂದೆ ಒಂದು ಆರು ಸಲ ಬಂದರೆ ಒಂದು ಮನೆಯಲ್ಲಿ ಏನಾಗುತ್ತೆ ಯೋಚಿಸಿ. ನಾನು ಚಿಕ್ಕವನಿದ್ದಾಗ ಸೊಸೈಟಿಯಿಂದ ಒಂದು ನೋಟಿಸ್ ಬಂದರೆ ನಮ್ಮಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡ್ತಿರಲಿಲ್ಲ.

ಸರಿ, ರಾತ್ರಿಯೆಲ್ಲ ಕೂತು ರಿಪೇರಿ ಮಾಡಿದ್ದಾಯ್ತು. ಬೆಳಿಗ್ಗೆ ಮ್ಯಾನೇಜರ್ ಫೋನ್: ಕ್ಲೈಂಟ್‌ಗೆ ಹತ್ತು ಗಂಟೆಯೊಳಗೆ ಕಾರಣ ಬೇಕಂತೆ, ನೀನೇ ಮೇಲ್ ಹಾಕು. ಹಾಕಿದೆ. ಸಮಸ್ಯೆ ಏನು, ಹೇಗೆ ಸರಿ ಮಾಡಿದೆವು ಅಂತ ಬರೆದೆ. ಕೊನೆಗೆ ಒಂದು ಸಾಲು: ಈ ಭಾಗದ ಕೋಡ್ ಬರೆದವರು ಟೀಮಿಗೆ ಹೊಸಬರು, ಅನುಭವದ ಕೊರತೆಯಿಂದ ಹೀಗಾಗಿದೆ, ಅವರಿಗೆ ತಿಳಿಹೇಳಲಾಗಿದೆ. ಪಕ್ಕದಲ್ಲಿ ಬ್ರಾಕೆಟ್ ಹಾಕಿ ಅವನ ಹೆಸರು.

ಸಿಸಿಯಲ್ಲಿ ಹದಿನಾಲ್ಕು ಜನ. ಅವನೂ ಒಬ್ಬ.

ಗದಗ ಕಡೆಯ ಹುಡುಗ, ಕಾಲೇಜು ಮುಗಿಸಿ ಒಂದು ವರ್ಷವಾಗಿತ್ತು. ಹೆಸರು ಇಲ್ಲಿ ಹಾಕಲ್ಲ. ಒಮ್ಮೆ ಹಾಕಿದ್ದೇ ಹೆಚ್ಚಾಯ್ತು.

ಮೇಲ್‌ನಲ್ಲಿ ಇಲ್ಲದ ಸಂಗತಿ ಇದು. ನಾಲ್ಕು ದಿನ ಮುಂಚೆ ಅವನು ಚಾಟ್‌ನಲ್ಲಿ ನನ್ನನ್ನು ಕೇಳಿದ್ದ: ಉತ್ತರ ತಡವಾಗಿ ಬಂದರೆ ಮೆಸೇಜ್ ಎರಡು ಸಲ ಹೋಗುತ್ತಾ ಸರ್, ಒಮ್ಮೆ ನೋಡ್ತೀರಾ? ಅಂದರೆ ಆ ತೂತು ಅವನ ಕಣ್ಣಿಗೆ ಬಿದ್ದಿತ್ತು. ನಾನು ಬೇರೊಂದು ಮೀಟಿಂಗ್‌ನಲ್ಲಿದ್ದೆ. ಹೆಬ್ಬೆರಳಿನ ಇಮೋಜಿ ಒತ್ತಿದೆ. ಮಾರನೇ ದಿನ ಅವನ ಕೋಡ್ ನನ್ನ ರಿವ್ಯೂಗೆ ಬಂತು. ನಾನೂರು ಸಾಲು. ಎರಡು ನಿಮಿಷದಲ್ಲಿ ಅಪ್ರೂವ್ ಮಾಡಿದ್ದೆ. ಎರಡೇ ನಿಮಿಷ ಅಂತ ಹೇಗೆ ಗೊತ್ತು ಅಂದ್ರೆ, ಸಿಸ್ಟಂನಲ್ಲಿ ಸಮಯ ದಾಖಲಾಗಿರುತ್ತಲ್ಲ.

ಹೀಗೆ ಒಂದೇ ಮೇಲ್‌ನಲ್ಲಿ ರಾತ್ರಿ ಎದ್ದು ಕೂತ ಹೆಗ್ಗಳಿಕೆ ನನಗೆ, ತಪ್ಪು ಅವನಿಗೆ. ದ್ವೇಷದಿಂದ ಮಾಡಿದ್ದಲ್ಲ. ಭಯ. ಲೀಡ್ ಮಾಡಿ ನಾಲ್ಕೇ ತಿಂಗಳಿಗೆ ಇವನ ಕೈಲಾಗಲ್ಲ ಅಂದುಬಿಟ್ಟರೆ ಅನ್ನೋ ಭಯ. ನನ್ನನ್ನು ಯಾರೂ ಬೈಯಲಿಲ್ಲ. ಮ್ಯಾನೇಜರ್ 'ಗುಡ್ ಹ್ಯಾಂಡ್ಲಿಂಗ್' ಅಂತ ಉತ್ತರಿಸಿದರು. ನಾಯಕತ್ವದ ಬಗ್ಗೆ ಕಂಪನಿ ನನಗೆ ಎರಡು ದಿನದ ಟ್ರೈನಿಂಗ್ ಕೊಟ್ಟಿತ್ತು. ಅದಕ್ಕಿಂತ ಹೆಚ್ಚು ಪಾಠ ಆ ಎರಡು ಪದದಲ್ಲಿತ್ತು.

ಅದಾದ ಮೇಲೆ ಅವನು ಪ್ರಶ್ನೆ ಕೇಳೋದು ನಿಲ್ಲಿಸಿದ. ನಾನು ಅದನ್ನು ಏನಂತ ಅರ್ಥ ಮಾಡಿಕೊಂಡೆ ಗೊತ್ತಾ? ಸದ್ಯ, ಹುಡುಗ ಸ್ವತಂತ್ರವಾಗಿ ಕೆಲಸ ಮಾಡೋದು ಕಲಿತ ಅಂತ! ಅವನೊಬ್ಬನೇ ಅಲ್ಲ. ಬೆಳಗಿನ ಸ್ಟ್ಯಾಂಡ್‌ಅಪ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರು 'ನೋ ಬ್ಲಾಕರ್ಸ್, ನೋ ಬ್ಲಾಕರ್ಸ್' ಅಂತ ಹದಿನೈದು ನಿಮಿಷದ ಮೀಟಿಂಗ್ ಆರು ನಿಮಿಷಕ್ಕೆ ಮುಗಿಸುತ್ತಿದ್ದರು. ಟೀಮಿನವರೇ ಹುಡುಕಿ ದಾಖಲಿಸುವ ಬಗ್‌ಗಳ ಸಂಖ್ಯೆ ಮೂರು ತಿಂಗಳಲ್ಲಿ ಅರ್ಧಕ್ಕಿಳಿಯಿತು. ಗ್ರಾಫ್ ಮಾಡಿ ಸ್ಲೈಡ್‌ನಲ್ಲಿ ಹಾಕಿ ತೋರಿಸಿದ್ದೆ. ಇಳಿಯುವ ಗೆರೆ, ಹಸಿರು ಬಣ್ಣ.

ಅಪ್ರೈಸಲ್ ಫಾರ್ಮ್ ಕಳಿಸಿ ಎರಡು ವಾರವಾಗಿತ್ತಷ್ಟೆ. ಒಂದು ಸಂಜೆ ಕ್ಲೈಂಟ್ ಕಡೆಯಿಂದ ಫೋನ್: ನೀವು ಬೆಳಿಗ್ಗೆ ಕೊಟ್ಟ ವಸೂಲಿ ವರದಿಯ ಅಂಕಿಗಳು ತಪ್ಪಿವೆ, ಅದನ್ನೇ ನಾವು ಮೇಲಿನವರಿಗೆ ತೋರಿಸಿ ಆಯ್ತು. ಹುಡುಕಿದಾಗ ಗೊತ್ತಾಯಿತು, ಆ ತಪ್ಪನ್ನು ಅವನು ಬೆಳಿಗ್ಗೆ ಹನ್ನೊಂದಕ್ಕೇ ಕಂಡುಹಿಡಿದಿದ್ದ. ಐದು ಗಂಟೆ ಒಬ್ಬನೇ ಕೂತು ಸರಿಮಾಡಲು ಒದ್ದಾಡಿದ್ದ. ಹನ್ನೊಂದಕ್ಕೆ ಹೇಳಿದ್ದರೆ ಒಂದು ಫೋನ್‌ನಲ್ಲಿ ಮುಗಿಯುತ್ತಿತ್ತು. 'ಆ ವರದಿ ಬಳಸಬೇಡಿ, ಸಂಜೆ ಹೊಸದು ಕೊಡ್ತೀವಿ' ಅಂದಿದ್ದರೆ ಸಾಕಿತ್ತು.

ಕೆಳಗೆ ಟೀ ಅಂಗಡಿಗೆ ಕರೆದುಕೊಂಡು ಹೋದೆ. ಬೈಯೋದಕ್ಕೇ ಅಂತ ಇಟ್ಕೊಳ್ಳಿ. ಯಾಕಪ್ಪಾ ಹೇಳಲಿಲ್ಲ ಅಂದೆ. ಗ್ಲಾಸ್ ತಿರುಗಿಸುತ್ತಾ ನಿಧಾನವಾಗಿ ಹೇಳಿದ:

"ಹೇಳಬೇಕಂತ ಮಾಡಿದ್ನಿರೀ ಸರ್. ಎರಡ್ ಸಲ ಟೈಪೂ ಮಾಡಿದೆ. ಮತ್ತ ಮೇಲ್‌ನ್ಯಾಗ ಹೆಸರು ಬರ್ತೈತಿ ಅನ್ನಿಸ್ತು, ಅಳಿಸಿಬಿಟ್ಟೆ. ನಾನ ಸರಿ ಮಾಡಿದ್ರ ಯಾರಿಗೂ ಗೊತ್ತಾಗಂಗಿಲ್ಲ ಅನ್ಕೊಂಡೆ."

ಬೈಯೋಕೆ ಬಂದವನ ಬಾಯಿ ಕಟ್ಟಿತು. ನನ್ನ ಗ್ರಾಫ್ ಯಾಕೆ ಇಳಿದಿತ್ತು ಅಂತ ಆ ಕ್ಷಣ ಅರ್ಥವಾಯಿತು. ತಪ್ಪುಗಳು ಕಮ್ಮಿಯಾಗಿರಲಿಲ್ಲ. ನನಗೆ ಕಾಣುವುದು ಕಮ್ಮಿಯಾಗಿತ್ತು.

ಇದನ್ನೇ ಎಷ್ಟೋ ವರ್ಷ ಮುಂಚೆ ಒಬ್ಬರು ಆಸ್ಪತ್ರೆಗಳಲ್ಲಿ ಕಂಡಿದ್ದರು ಅಂತ ಆಮೇಲೆ ಓದಿದೆ. ಏಮಿ ಎಡ್ಮಂಡ್‌ಸನ್ ಈಗ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಪ್ರೊಫೆಸರ್. 1990ರ ದಶಕದ ಆರಂಭದಲ್ಲಿ, ಇನ್ನೂ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ, ರೋಗಿಗಳಿಗೆ ಔಷಧ ಕೊಡುವಾಗ ಆಗುವ ತಪ್ಪುಗಳ ಅಧ್ಯಯನದಲ್ಲಿದ್ದರು. ಹೊಂದಾಣಿಕೆ ಚೆನ್ನಾಗಿರುವ ನರ್ಸ್‌ಗಳ ತಂಡದಲ್ಲಿ ತಪ್ಪು ಕಡಿಮೆ ಇರುತ್ತೆ ಅನ್ನೋದು ಅವರ ನಿರೀಕ್ಷೆ. ನಮ್ಮ ನಿಮ್ಮ ನಿರೀಕ್ಷೆಯೂ ಅದೇ ತಾನೆ? ಅಂಕಿ ನೋಡಿದರೆ ಉಲ್ಟಾ: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು! ಕೂತು ಯೋಚಿಸಿದಾಗ ಹೊಳೆದದ್ದು, ಒಳ್ಳೆಯ ತಂಡದವರು ಹೆಚ್ಚು ತಪ್ಪು ಮಾಡುತ್ತಿರಲಿಕ್ಕಿಲ್ಲ, ಆದದ್ದನ್ನು ಮುಚ್ಚಿಡದೆ ಹೇಳುತ್ತಿರಬಹುದು ಅಂತ. ತಂಡಗಳ ಅಂಕಿ ಗೊತ್ತಿಲ್ಲದ ಒಬ್ಬ ಸಹಾಯಕನನ್ನು ವಾರ್ಡ್‌ಗಳಿಗೆ ಕಳಿಸಿ, ಅಲ್ಲಿನ ವಾತಾವರಣ ನೋಡಿ ಬರಲು ಹೇಳಿದರು. ಅವನು ನೋಡಿ ಬಂದದ್ದು ಆ ಊಹೆಗೆ ಹೊಂದುತ್ತಿತ್ತು. ಕೆಲವು ವಾರ್ಡ್‌ಗಳಲ್ಲಿ ತಪ್ಪಿನ ಬಗ್ಗೆ ಮಾತಾಡಬಹುದಿತ್ತು, ಕೆಲವು ಕಡೆ ಹೆಡ್ ನರ್ಸ್‌ಗೆ ಹೆದರಿ ಎಲ್ಲರೂ ಗಪ್‌ಚುಪ್.

ಆ ಪ್ರಬಂಧ ಪ್ರಕಟವಾದದ್ದು 1996ರಲ್ಲಿ. 1999ರ ಇನ್ನೊಂದು ಪ್ರಬಂಧದಲ್ಲಿ ಅವರು ಬಳಸಿದ 'ಸೈಕಲಾಜಿಕಲ್ ಸೇಫ್ಟಿ' ಅನ್ನೋ ಮಾತು ಇವತ್ತು ನಮ್ಮೆಲ್ಲರ ಎಚ್‌ಆರ್ ಸ್ಲೈಡ್‌ಗಳಲ್ಲಿದೆ. ಗೂಗಲ್ 2012ರಲ್ಲಿ ಶುರುಮಾಡಿದ ಅರಿಸ್ಟಾಟಲ್ ಅನ್ನೋ ಅಧ್ಯಯನದಲ್ಲಿ ತನ್ನದೇ 180 ಟೀಮ್‌ಗಳನ್ನು ನೋಡಿ, ಒಳ್ಳೆಯ ಟೀಮಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಅಂದಿತು. ಎಷ್ಟು ಬುದ್ಧಿವಂತರಿದ್ದಾರೆ ಅನ್ನೋದು ಆಮೇಲಿನ ಮಾತು.

ವಿಮಾನಯಾನದವರಿಗೆ ಇದು ಇನ್ನೂ ಮೊದಲೇ ತಿಳಿದಿತ್ತು. ಅಮೆರಿಕದಲ್ಲಿ 1976ರಿಂದ ಒಂದು ವ್ಯವಸ್ಥೆ ಇದೆ: ಪೈಲಟ್ ತನ್ನಿಂದಾದ ತಪ್ಪನ್ನು ತಾನೇ ಬರೆದು ಕಳಿಸಬಹುದು. ಕಳಿಸಬೇಕಾದ್ದು ದಂಡ ಹಾಕುವ ಇಲಾಖೆಗಲ್ಲ, ನಾಸಾಕ್ಕೆ. ಅಲ್ಲಿ ಹೆಸರು ತೆಗೆದು ಉಳಿದದ್ದನ್ನು ಎಲ್ಲರ ಕಲಿಕೆಗೆ ಇಡುತ್ತಾರೆ. ಉದ್ದೇಶಪೂರ್ವಕವಲ್ಲದ ತಪ್ಪನ್ನು ಹತ್ತು ದಿನದೊಳಗೆ ತಿಳಿಸಿದರೆ ಸಾಮಾನ್ಯವಾಗಿ ದಂಡದಿಂದ ವಿನಾಯಿತಿಯೂ ಉಂಟು. ಅಪರಾಧಕ್ಕೆ, ಅಪಘಾತಕ್ಕೆ ಇಲ್ಲ. ತಪ್ಪು ತಿಳಿಯುವುದು ಮುಖ್ಯವೋ, ತಪ್ಪು ಮಾಡಿದವನು ಸಿಗುವುದು ಮುಖ್ಯವೋ ಅಂತ ಅವರು ಮೊದಲೇ ತೀರ್ಮಾನ ಮಾಡಿಕೊಂಡಿದ್ದರು.

ಅಷ್ಟು ದೂರ ಯಾಕೆ, ನಮ್ಮವರದ್ದೇ ಕತೆ ಇದೆ. ವಾಟ್ಸ್ಯಾಪ್‌ನಲ್ಲಿ ನಿಮಗೂ ಬಂದಿರುತ್ತೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಕಕ್ಷೆ ಸೇರದೆ ಬಂಗಾಳ ಕೊಲ್ಲಿಗೆ ಬಿತ್ತು. ಪ್ರಾಜೆಕ್ಟ್ ಡೈರೆಕ್ಟರ್ ಅಬ್ದುಲ್ ಕಲಾಂ. ಇಸ್ರೋ ಅಧ್ಯಕ್ಷ ಸತೀಶ್ ಧವನ್, ಆಗ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರೂ ಅವರೇ. ಪತ್ರಕರ್ತರ ಮುಂದೆ ಧವನ್ ತಾವೇ ಕೂತು ಸೋಲಿನ ಹೊಣೆ ಹೊತ್ತರು. 1980ರ ಜುಲೈ 18ರಂದು ರಾಕೆಟ್ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ, ಪತ್ರಿಕಾಗೋಷ್ಠಿ ನೀನು ನಡೆಸು ಅಂತ ಕಲಾಂ ಅವರನ್ನು ಮುಂದೆ ಬಿಟ್ಟರು.

ಫಾರ್ವರ್ಡ್ ಇಲ್ಲಿಗೆ ಮುಗಿಯುತ್ತೆ, ಕೆಳಗೆ ಕೈಮುಗಿಯೋ ಇಮೋಜಿ. ನನಗೆ ನಾಟಿದ್ದು ಅದರಲ್ಲಿ ಸಾಮಾನ್ಯವಾಗಿ ಇರದ ಒಂದು ವಿವರ. ಉಡಾವಣೆಗೆ ಕೆಲವೇ ನಿಮಿಷ ಮುಂಚೆ ಕಂಪ್ಯೂಟರ್ ತಡೆಹಿಡಿದಿತ್ತು, ತಜ್ಞರನ್ನು ಕೇಳಿ ಅದನ್ನು ಮೀರಿ ಮುಂದುವರಿಯುವ ತೀರ್ಮಾನ ನನ್ನದೇ ಆಗಿತ್ತು ಅಂತ ಕಲಾಂ ಅವರೇ ತಮ್ಮ ಭಾಷಣಗಳಲ್ಲಿ ಹೇಳಿಕೊಂಡಿದ್ದಾರೆ. ಅಂದರೆ ಧವನ್ ಅವರ ಕೈಯಲ್ಲಿ ಬ್ರಾಕೆಟ್‌ಗೆ ಹಾಕಲು ಒಂದು ಹೆಸರು ಸಿದ್ಧವಾಗಿತ್ತು. ನನಗೆ ಸಿಕ್ಕಿದ್ದಕ್ಕಿಂತ ಗಟ್ಟಿ ಕಾರಣವೂ ಇತ್ತು. ಹಾಕಲಿಲ್ಲ.

ನಾನೇನು ಮಾಡಿದೆ? ಟೀ ಅಂಗಡಿಯಿಂದ ಬಂದ ಮೇಲೆ ಎರಡು ದಿನ ಏನೂ ಮಾಡಲಿಲ್ಲ. ಮೂರನೇ ದಿನ ಆ ಡಿಸೆಂಬರ್‌ನ ಮೇಲ್ ಹುಡುಕಿ ತೆಗೆದು 'ರಿಪ್ಲೈ ಆಲ್' ಒತ್ತಿದೆ. ಮೂರೇ ಸಾಲು: ಈ ಸಮಸ್ಯೆಯ ಸಾಧ್ಯತೆಯನ್ನು ಇವರು ನಾಲ್ಕು ದಿನ ಮುಂಚೆ ನನ್ನ ಗಮನಕ್ಕೆ ತಂದಿದ್ದರು. ನಾನು ಪರಿಶೀಲಿಸದೆ ಒಪ್ಪಿಗೆ ಕೊಟ್ಟೆ. ಹಿಂದಿನ ಮೇಲ್‌ನಲ್ಲಿ ಇದನ್ನು ಹೇಳದಿದ್ದದ್ದು ನನ್ನ ತಪ್ಪು. ಕಳಿಸುವ ಮುಂಚೆ ಮ್ಯಾನೇಜರ್‌ಗೆ ತೋರಿಸಿದ್ದೆ. ಮೂರು ತಿಂಗಳ ಹಿಂದಿನ ಹೆಣ ಈಗ್ಯಾಕೆ ಎತ್ತುತ್ತೀಯ ಅಂದರು. ಅವರ ದೃಷ್ಟಿಯಲ್ಲಿ ತಪ್ಪೇನಿಲ್ಲ. ಕ್ಲೈಂಟ್ ಮರೆತಿದ್ದರು, ಎಲ್ಲರೂ ಮರೆತಿದ್ದರು. ಒಬ್ಬನನ್ನು ಬಿಟ್ಟು.

ಕಳಿಸಿದೆ. ಯಾರೂ ಉತ್ತರಿಸಲಿಲ್ಲ. ಮೇ ತಿಂಗಳಲ್ಲಿ ರೇಟಿಂಗ್ ಬಂದಾಗ ನನಗೆ ಮೇಲಿನದು ಸಿಗುತ್ತೆ ಅಂತಿದ್ದದ್ದು ಒಂದು ಮೆಟ್ಟಿಲು ಕೆಳಗಿತ್ತು. ಮೇಲ್‌ಗೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ, ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ನಾಯಕತ್ವದ ಪಾಡ್‌ಕಾಸ್ಟ್‌ಗಳಲ್ಲಿ ಸತ್ಯ ಹೇಳಿದವರಿಗೆಲ್ಲ ಕೊನೆಗೆ ಪ್ರಮೋಷನ್ ಸಿಕ್ಕೇ ಸಿಗುತ್ತೆ. ನನಗೆ ಸಿಗಲಿಲ್ಲ. ಆ ವರ್ಷ ಕಾರ್ ಬುಕ್ ಮಾಡೋ ಯೋಚನೆ ಇತ್ತು, ಬಿಟ್ಟೆವು. ಮನೆಯಲ್ಲಿ ಎರಡು ದಿನ ಮಾತು ಬಿಗಿಯಾಗಿತ್ತು.

ಹುಡುಗನೂ ಉಳಿಯಲಿಲ್ಲ. ಜುಲೈಯಲ್ಲಿ ಅವನ ಕೊನೆಯ ದಿನ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಬಂದವನು ಹೇಳಿದ: "ನಿಮ್ಮ ಮೇಲ್ ನೋಡಿದ್ನಿರೀ ಸರ್. ಅದು ಬರೋ ಹಿಂದಿನ ವಾರನ ಆಫರ್ ಒಪ್ಕೊಂಡಿದ್ದೆ." ಅಷ್ಟೇ. ಕೈ ಕುಲುಕಿ ಹೋದ. ಅದು ಕ್ಷಮೆಯೋ, ಬರೀ ಮಾಹಿತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ನಮ್ಮಲ್ಲಿ ಏನಾದರೂ ಎಡವಟ್ಟಾದರೆ ಬರೆಯುವ ವರದಿಯಲ್ಲಿ ವ್ಯಕ್ತಿಯ ಹೆಸರಿರಲ್ಲ. ಎಷ್ಟು ಗಂಟೆಗೆ ಏನಾಯಿತು, ಆ ಹೊತ್ತಿಗೆ ಯಾರಿಗೆ ಎಷ್ಟು ಗೊತ್ತಿತ್ತು, ತಡೆಯಬೇಕಿದ್ದ ಗೋಡೆ ಎಲ್ಲಿರಲಿಲ್ಲ ಅನ್ನೋದಷ್ಟೇ. 'ಯಾಕೆ ಹೀಗೆ ಮಾಡಿದೆ' ಅಂತ ಕೇಳಿದರೆ ಮನುಷ್ಯ ಸಮರ್ಥನೆಗೆ ಇಳಿಯುತ್ತಾನೆ. 'ಆಗ ನಿನಗೆ ಸ್ಕ್ರೀನ್ ಮೇಲೆ ಏನು ಕಾಣ್ತಿತ್ತು' ಅಂತ ಕೇಳಿದರೆ ನಡೆದದ್ದು ಹೊರಬರುತ್ತೆ. ನಾವು ಕಂಡುಹಿಡಿದ ವಿದ್ಯೆಯಲ್ಲ ಇದು. ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅಂತ ಕರೀತಾರೆ. ಎಟ್ಸಿ ಕಂಪನಿಯ ಜಾನ್ ಆಲ್‌ಸ್ಪಾ 2012ರಲ್ಲೇ ಇದರ ಬಗ್ಗೆ ಬರೆದಿದ್ದರು, ಗೂಗಲ್‌ನ 2016ರ ಎಸ್‌ಆರ್‌ಇ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ, ಆನ್‌ಲೈನ್‌ನಲ್ಲಿ ಪುಕ್ಕಟೆ ಓದಬಹುದು.

ನಮ್ಮ ಎಸ್‌ಎಂಎಸ್ ವಿಷಯಕ್ಕೇ ಬನ್ನಿ. ಹೆಸರು ಹಾಕಿದಾಗ ನಮಗೆ ಸಿಕ್ಕ ಪರಿಹಾರ 'ಇನ್ನು ಮುಂದೆ ಹುಷಾರಾಗಿರು'. ಹೆಸರು ತೆಗೆದು ನೋಡಿದಾಗ ಸಿಕ್ಕ ಪರಿಹಾರ ಬೇರೆ: ಪ್ರತಿ ಮೆಸೇಜಿಗೂ ಒಂದು ವಿಶಿಷ್ಟ ಸಂಖ್ಯೆ, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸಿಸ್ಟಮ್ಮೇ ತಡೆಯುತ್ತೆ. ರಾತ್ರಿ ಒಂಬತ್ತರ ಮೇಲೆ ಕಂತಿನ ಮೆಸೇಜ್ ಹೋಗೋದೇ ಇಲ್ಲ. ಕೋಡ್ ಬರೆದವರಿಗೆ ಜ್ವರ ಬಂದಿದ್ದರೂ, ರಿವ್ಯೂ ಮಾಡಿದವನು ನನ್ನಂಥ ಸೋಮಾರಿಯಾಗಿದ್ದರೂ ಗ್ರಾಹಕನ ನಿದ್ದೆ ಕೆಡಲ್ಲ. ಡಿಸೆಂಬರ್‌ನಲ್ಲೇ ಮಾಡಬಹುದಿತ್ತು. ಆಗ ನಮಗೆ ಒಬ್ಬ ಮನುಷ್ಯ ಸಿಕ್ಕಿದ್ದ, ಹುಡುಕೋದು ನಿಲ್ಲಿಸಿದೆವು.

ಹಾಗಾದರೆ ಯಾರು ಏನು ಮಾಡಿದರೂ ನಡೆಯುತ್ತಾ ಅಂತ ಒಬ್ಬ ಓದುಗರು ಹಿಂದೊಮ್ಮೆ ಕೇಳಿದ್ದರು. ಇಲ್ಲ. ನಾನು ಬಳಸೋ ಅಳತೆಗೋಲು ಇದು: ಅದೇ ಹೊತ್ತಿನಲ್ಲಿ, ಅಷ್ಟೇ ಮಾಹಿತಿ ಇಟ್ಟುಕೊಂಡು, ಟೀಮಿನ ಇನ್ನೊಬ್ಬರು ಅಲ್ಲಿ ಕೂತಿದ್ದರೂ ಹೀಗೇ ಆಗ್ತಿತ್ತಾ? ಹೌದಾದರೆ ತೊಂದರೆ ವ್ಯವಸ್ಥೆಯದ್ದು. ಅಲ್ಲ, ಇವರು ಮೂರನೇ ಸಲ ಟೆಸ್ಟ್ ಮಾಡದೆಯೇ ಕಳಿಸಿದ್ದಾರೆ ಅಂತಾದರೆ ಮುಖ ನೋಡಿ ಮಾತಾಡಲೇಬೇಕು. ಬಾಗಿಲು ಹಾಕಿಕೊಂಡು, ಇಬ್ಬರೇ ಕೂತು. ಕಳೆದ ವರ್ಷ ಒಬ್ಬರ ಜೊತೆ ಮಾತಾಡಿದ್ದೇನೆ, ಇಬ್ಬರಿಗೂ ಹಿತವಾಗಿರಲಿಲ್ಲ. ಆ ಮಾತು ಮೇಲ್‌ಗೆ ಹೋಗಲಿಲ್ಲ.

ಇನ್ನೂ ಲೀಡ್ ಆಗದವರಿಗೆ, ಅಂದರೆ ಆ ಹುಡುಗನ ಜಾಗದಲ್ಲಿ ಇರುವವರಿಗೆ ಒಂದು ಕಿವಿಮಾತು. ನಿಮ್ಮ ಲೀಡ್ ಆಗಿನ ನನ್ನಂಥವನೇ ಆಗಿರಬಹುದು. 'ಒಮ್ಮೆ ನೋಡ್ತೀರಾ ಸರ್' ಅಂತ ಕೇಳಬೇಡಿ. ಅದಕ್ಕೆ ಹೆಬ್ಬೆರಳೇ ಉತ್ತರ. 'ಉತ್ತರ ತಡವಾದರೆ ಮೆಸೇಜ್ ಎರಡು ಸಲ ಹೋಗುತ್ತೆ. ತಡೆಯೋ ಕೋಡ್ ಸೇರಿಸಿದರೆ ರಿಲೀಸ್ ಒಂದು ದಿನ ತಡ. ಸೇರಿಸಲಾ, ಹಾಗೇ ಬಿಡಲಾ?' ಅಂತ ಕೇಳಿ. ಆಗ ಲೀಡ್ ನಿಂತು ಓದಲೇಬೇಕು, ತೀರ್ಮಾನ ಅವನದಾಗುತ್ತೆ. ತಪ್ಪಾದಾಗ ಮೊದಲ ವಾಕ್ಯದಲ್ಲೇ ಯಾರಿಗೆ ತೊಂದರೆಯಾಗ್ತಿದೆ ಅಂತ ಹೇಳಿಬಿಡಿ, ಕಾರಣ ಆಮೇಲೆ. ಇಷ್ಟು ಮಾಡಿದರೂ ಹೆಸರು ಬ್ರಾಕೆಟ್‌ಗೆ ಹೋಗಬಹುದು. ಅಂಥ ಜಾಗದಲ್ಲಿ ಎಷ್ಟು ದಿನ ಇರಬೇಕು ಅನ್ನೋದು ನಿಮ್ಮ ಲೆಕ್ಕ. ಅವನು ತನ್ನ ಲೆಕ್ಕ ಹಾಕಿಕೊಂಡ.

ಮಂಗಳವಾರದ ಮೀಟಿಂಗ್ ಈಗ ನನ್ನ ತಪ್ಪಿನಿಂದ ಶುರುವಾಗುತ್ತೆ. ಆ ವಾರ ನಾನು ಎಡವಿದ್ದು ಒಂದು, ಜೋರಾಗಿ ಹೇಳ್ತೀನಿ. ಮೊದಮೊದಲು ಎಲ್ಲರೂ ಮುಜುಗರದಿಂದ ಸ್ಕ್ರೀನ್ ನೋಡುತ್ತಿದ್ದರು, ಎರಡು ತಿಂಗಳು ಬೇರೆ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬರು, ಇನ್ನೊಬ್ಬರು. ಕಳೆದ ತಿಂಗಳು ಹೊಸದಾಗಿ ಸೇರಿದ ಹುಡುಗಿ ರಾತ್ರಿ ಒಂಬತ್ತೂವರೆಗೆ ಮೆಸೇಜ್ ಹಾಕಿದಳು: 'ಸರ್, ನಾನೇ ಒಂದು ಎಡವಟ್ಟು ಮಾಡ್ಕೊಂಡಿದೀನಿ. ಸದ್ಯ ಯಾರಿಗೂ ತೊಂದರೆ ಆಗಿಲ್ಲ, ಬೆಳಿಗ್ಗೆ ಆರಕ್ಕೆ ಆಗುತ್ತೆ. ಕಾಲ್ ಮಾಡ್ಲಾ?' ಇಪ್ಪತ್ತು ನಿಮಿಷದ ಕೆಲಸ ಅದು. ಬೆಳಿಗ್ಗೆ ಆರಕ್ಕೆ ಏನೂ ಆಗಲಿಲ್ಲ.

ಹೀಗೆ ದಾಖಲಾಗುವ ಬಗ್‌ಗಳ ಸಂಖ್ಯೆ ಈ ಸಲ ಏರಿದೆ. ಗ್ರಾಫ್ ಕೆಂಪಾಗಿದೆ. ನಿಮ್ಮ ಟೀಮಿನಲ್ಲಿ ಏನಾಗ್ತಿದೆ ಅಂತ ಮೇಲಿನಿಂದ ಪ್ರಶ್ನೆ ಬಂದಿದೆ, ಶುಕ್ರವಾರ ಹನ್ನೊಂದಕ್ಕೆ ಮೀಟಿಂಗ್. ಸ್ಲೈಡ್ ಇನ್ನೂ ಮಾಡಿಲ್ಲ.